ಪೋಸ್ಟ್‌ನಲ್ಲಿ ಜೀವ ಇತ್ತು, ಪುಸ್ತಕಕ್ಕೆ ಹಾಕಿದರೆ ಸಪ್ಪೆ. ಯಾಕೆ ಹೀಗೆ?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ಫೇಸ್‌ಬುಕ್‌ನಲ್ಲಿ ಇಷ್ಟು ವರ್ಷ ಬರೆದದ್ದನ್ನೆಲ್ಲ ಸೇರಿಸಿ ಪುಸ್ತಕ ಮಾಡು ಅಂತ ಗೆಳೆಯರು ಬೆನ್ನು ಬಿದ್ದಿದ್ದಾರೆ. ಸರಿ ಅಂತ ಎಲ್ಲವನ್ನೂ ಒಂದೇ ಫೈಲಿಗೆ ತಂದು ಓದಲು ಕೂತೆ. ಅಲ್ಲಿ ಚೆನ್ನಾಗಿದ್ದ ಬರಹಗಳಲ್ಲಿ ಅರ್ಧಕ್ಕರ್ಧ ಇಲ್ಲಿ ನಿಲ್ಲುತ್ತಿಲ್ಲ. ಅಕ್ಷರ ಅದೇ, ಬರೆದವಳು ನಾನೇ. ಆದರೂ ಏನೋ ಬಿಟ್ಟುಹೋಗಿದೆ.

ಒಂದನ್ನು ಪೂರ್ತಿ ಇಲ್ಲೇ ಕೊಡುತ್ತೇನೆ:

"ಇವತ್ತು ಡ್ರಾಯರ್ ಖಾಲಿ ಮಾಡುವಾಗ ಅಪ್ಪನ ಕನ್ನಡಕ ಸಿಕ್ಕಿತು. ಒಂದು ಕಡ್ಡಿಗೆ ದಾರ ಸುತ್ತಿದೆ. ಹಾಕಿಕೊಂಡು ನೋಡಿದೆ. ಏನೂ ಕಾಣಲಿಲ್ಲ."

ಅಷ್ಟೇ ಬರೆದಿದ್ದು. ಅಪ್ಪ ಹೋಗಿ ಆಗ ಹೆಚ್ಚು ದಿನ ಆಗಿರಲಿಲ್ಲ. ನನ್ನ ಪಟ್ಟಿಯಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ಒಬ್ಬರು ತಮ್ಮ ಅಮ್ಮನ ವಾಚಿನ ಫೋಟೋ ಹಾಕಿದರು. ಇನ್ನೊಬ್ಬರು ಅಣ್ಣನ ಪೆನ್ನಿನ ಬಗ್ಗೆ ಬರೆದರು. ನನಗೆ ಆ ರಾತ್ರಿ ಎಷ್ಟೋ ಹಗುರ ಅನ್ನಿಸಿತ್ತು.

ಈಗ ಇದೇ ನಾಲ್ಕು ಸಾಲನ್ನು ನನ್ನ ಪರಿಚಯ ಜಾಸ್ತಿ ಇಲ್ಲದ ಒಬ್ಬರಿಗೆ ಓದಲು ಕೊಟ್ಟೆ. ಅವರು ಕೇಳಿದ್ದು: "ಅಪ್ಪ ಕನ್ನಡಕ ಬಿಟ್ಟು ಎಲ್ಲಿಗೆ ಹೋಗಿದ್ದಾರೆ?"

ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಹಾಳೆಯ ಮೇಲೆ ಅದು ಎಲ್ಲೂ ಇಲ್ಲ. ಹಾಗಾದರೆ ನಮ್ಮದೇ ಬದುಕಿನ ಬಗ್ಗೆ ಸೋಷಿಯಲ್ ಮೀಡಿಯಾದಲ್ಲಿ ಬರೆಯುವುದಕ್ಕೂ ಡೈರಿ, ಪತ್ರ, ಪ್ರಬಂಧಗಳಿಗೂ ನಿಜವಾದ ವ್ಯತ್ಯಾಸ ಎಲ್ಲಿದೆ? ಓದುವವರು ಎಲ್ಲಿ ನಿಂತಿದ್ದಾರೆ ಅನ್ನುವುದರಲ್ಲೇ ಇದೆ ಅಂತ ನನ್ನ ಅನಿಸಿಕೆ. ನಿಮಗೇನು ಅನ್ನಿಸುತ್ತದೆ ಹೇಳಿ.

ಓದುಗುಬ್ಬಿ

ನನಗೆ ಉತ್ತರ ಇಷ್ಟು ಸುತ್ತು ಅನ್ನಿಸುವುದಿಲ್ಲ. ಉದ್ದ ಕಡಿಮೆ, ಅದಕ್ಕೇ ವಿವರ ಇಲ್ಲ. ಟ್ವಿಟರ್ (ಈಗಿನ ಎಕ್ಸ್) ನಮಗೆಲ್ಲ 140 ಅಕ್ಷರದ ಅಭ್ಯಾಸ ಮಾಡಿಸಿತು. ಮೊಬೈಲಿನಲ್ಲಿ ಯಾರಿಗೂ ಉದ್ದ ಓದುವ ತಾಳ್ಮೆ ಇಲ್ಲ. ಚಿಕ್ಕದಾಗಿ ಬರೆದರೆ ಚಿಕ್ಕದೇ ಆಗುತ್ತದೆ, ಅಲ್ವಾ?

ಅಂಚಿನ ಟಿಪ್ಪಣಿ

ಓದುಗುಬ್ಬಿ, ಆ 140ರ ಲೆಕ್ಕ ಬಂದಿದ್ದು ಎಸ್‌ಎಂಎಸ್‌ನಿಂದ. 2006ರಲ್ಲಿ ಟ್ವಿಟರ್ ಶುರುವಾದಾಗ ಅದು ಎಸ್‌ಎಂಎಸ್ ಮೂಲಕವೂ ಓಡಬೇಕಿತ್ತು. ಒಂದು ಎಸ್‌ಎಂಎಸ್‌ಗೆ 160 ಅಕ್ಷರ. ಅದರಲ್ಲಿ 20 ಬಳಕೆದಾರರ ಹೆಸರಿಗೆ ಬಿಟ್ಟರು, ಉಳಿದದ್ದು 140. 2017ರ ನವೆಂಬರ್‌ನಲ್ಲಿ ಅದು 280 ಆಯಿತು. ಆ 160 ಕೂಡ ಇಂಗ್ಲಿಷ್ ಲಿಪಿಗೆ ಮಾತ್ರ. ಕನ್ನಡದಲ್ಲಿ ಕಳಿಸಿದರೆ ಒಂದು ಎಸ್‌ಎಂಎಸ್‌ಗೆ 70. ಇನ್ನು ಟ್ವಿಟರ್‌ನಲ್ಲಿ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. 'ಸ್ತ್ರೀ' ಅನ್ನುವುದು ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅಲ್ಲಿ 6.

ಆದರೆ ನೀಲಿಶಾಯಿ ಅವರು ಬರೆದಿದ್ದು ಫೇಸ್‌ಬುಕ್‌ನಲ್ಲಿ. ಅಲ್ಲಿ 2011ರಿಂದ ಒಂದು ಪೋಸ್ಟ್‌ಗೆ 63,206 ಅಕ್ಷರ ಹಿಡಿಸುತ್ತದೆ. ಸಣ್ಣ ಪುಸ್ತಕವನ್ನೇ ಹಾಕಬಹುದು. ಜಾಗ ಇದ್ದೂ ಅವರು ನಾಲ್ಕೇ ಸಾಲು ಬರೆದರು. ಹಾಗಾಗಿ ಉದ್ದ ಕಾರಣ ಅಲ್ಲ. ನಾಲ್ಕು ಸಾಲು ಯಾಕೆ ಸಾಕಾಯಿತು ಅನ್ನುವುದು ನೋಡಬೇಕಾದ ವಿಷಯ.

ಜಾಗ ಇದ್ದರೂ ಪರದೆ ನಮ್ಮನ್ನು ಚಿಕ್ಕದರ ಕಡೆಗೇ ತಳ್ಳುತ್ತದೆ, ಅದು ನಿಜ. ಎರಡು ಸಾಲು ಬರೆದರೆ ದೊಡ್ಡ ಅಕ್ಷರದಲ್ಲಿ ಕಾಣುತ್ತದೆ, ಬಣ್ಣದ ಹಿನ್ನೆಲೆ ಸಿಗುತ್ತದೆ. ಸ್ವಲ್ಪ ಬೆಳೆಸಿದರೆ ಅಕ್ಷರ ಸಣ್ಣದಾಗುತ್ತದೆ, ಬಣ್ಣ ಹೋಗುತ್ತದೆ. ಇನ್ನೂ ಬೆಳೆಸಿದರೆ ಮಧ್ಯದಲ್ಲೇ ಕತ್ತರಿಸಿ 'ಇನ್ನಷ್ಟು ನೋಡಿ' ಅಂತ ಬರುತ್ತದೆ.

ಕರಡು ತಿದ್ದುವವ

ನನ್ನ ಕೆಲಸವೇ ಬೇರೆಯವರ ಬರಹ ತಿದ್ದುವುದು. ಪೋಸ್ಟ್‌ಗಳಿಂದ ಬೆಳೆದ ಬರಹಗಳು ಈಗ ತುಂಬಾ ಬರುತ್ತವೆ. ಎಲ್ಲದರಲ್ಲೂ ಒಂದೇ ಕಡೆ ಬಿರುಕು.

ಪ್ರಬಂಧವೋ ಲೇಖನವೋ ಬರೆಯುವವರು ಮೊದಲ ಪ್ಯಾರಾದಲ್ಲಿ ಒಂದು ಕೆಲಸ ಮಾಡಿ ಮುಗಿಸಬೇಕು. ಮಾತಾಡುತ್ತಿರುವುದು ಯಾರು, ಎಲ್ಲಿಂದ, ಯಾವ ಕಾಲದಲ್ಲಿ ಅನ್ನುವುದನ್ನು ಹೇಗಾದರೂ ಓದುಗರಿಗೆ ದಾಟಿಸಬೇಕು. ಪೋಸ್ಟ್ ಬರೆಯುವವರಿಗೆ ಆ ಕೆಲಸವೇ ಇಲ್ಲ. ಹೆಸರು, ಮುಖ, ದಿನ, ಗಂಟೆ ಎಲ್ಲ ಮೇಲೆ ತಾನಾಗಿ ಅಚ್ಚಾಗಿರುತ್ತದೆ. ಹೋದ ವಾರದ ಪೋಸ್ಟ್ ಓದಿದವರೇ ಈ ವಾರದ್ದನ್ನೂ ಓದುತ್ತಾರೆ. ನೀಲಿಶಾಯಿ ಮೇಡಂ, ನಿಮ್ಮ ಆ ನಾಲ್ಕು ಸಾಲಿಗೆ ಮುನ್ನುಡಿ ಇತ್ತು. ನೀವು ಅದನ್ನು ಹಿಂದಿನ ದಿನಗಳಲ್ಲೇ ಬರೆದಿದ್ದಿರಿ, ಬೇರೆ ಬೇರೆ ಪೋಸ್ಟ್‌ಗಳಲ್ಲಿ. ಫೈಲಿಗೆ ಹಾಕುವಾಗ ಬರಹ ಮಾತ್ರ ಬಂತು, ಮುನ್ನುಡಿ ಅಲ್ಲೇ ಉಳಿಯಿತು.

ತಿದ್ದಿ ನೋಡೋಣ. ಸುಲಭದ ದಾರಿ ಹೀಗೆ:

"ಅಪ್ಪ ತೀರಿಕೊಂಡು ಸ್ವಲ್ಪ ದಿನಗಳಾಗಿದ್ದವು. ಡ್ರಾಯರ್ ಖಾಲಿ ಮಾಡುವಾಗ ಅವರ ಕನ್ನಡಕ ಸಿಕ್ಕಿತು."

ವಿಷಯ ತಿಳಿಯಿತು. ಆದರೆ ಮೊದಲ ಸಾಲಿಗೇ ದುಃಖ ಹೇಳಿ ಮುಗಿಯಿತು. ಕೊನೆಯ 'ಏನೂ ಕಾಣಲಿಲ್ಲ'ಕ್ಕೆ ಮಾಡಲು ಕೆಲಸವೇ ಉಳಿಯಲಿಲ್ಲ. ಅದರ ಬದಲು ಹೀಗೆ ಮಾಡಿದರೆ?

"ಅಪ್ಪನ ಬಟ್ಟೆಗಳನ್ನೆಲ್ಲ ಕೊಟ್ಟು ಮುಗಿಸಿದ ಮೇಲೆ ಡ್ರಾಯರ್‌ನ ಮೂಲೆಯಲ್ಲಿ ಅವರ ಕನ್ನಡಕ ಸಿಕ್ಕಿತು. ಒಂದು ಕಡ್ಡಿಗೆ ದಾರ ಸುತ್ತಿತ್ತು. ಹಾಕಿಕೊಂಡು ನೋಡಿದೆ. ಏನೂ ಕಾಣಲಿಲ್ಲ."

ಬಟ್ಟೆ ಕೊಟ್ಟು ಮುಗಿಸಿದ್ದು ಅಂದರೆ ಓದುಗರಿಗೆ ಅರ್ಥವಾಗುತ್ತದೆ. ಸಾವು ಅನ್ನುವ ಮಾತು ಬೇಕಾಗಿಲ್ಲ.

ಇನ್ನೂ ಒಂದು ಬದಲಾಯಿಸಿದ್ದೇನೆ, ಗಮನಿಸಿದಿರಾ? 'ಇವತ್ತು' ತೆಗೆದೆ. ಪೋಸ್ಟ್‌ನಲ್ಲಿ 'ಇವತ್ತು' ಅಂದರೆ ಓದುವವರ ಇವತ್ತೂ ಹೌದು. ನೀವು ಡ್ರಾಯರ್ ಮುಚ್ಚಿ ಇನ್ನೂ ಅಲ್ಲೇ ಕೂತಿದ್ದೀರಿ, ಅವರು ಓದುತ್ತಿದ್ದಾರೆ. ಪುಸ್ತಕದಲ್ಲಿ 'ಇವತ್ತು' ಅಂದರೆ ಯಾರ ಇವತ್ತು? ಅದಕ್ಕೇ 'ಸುತ್ತಿದೆ' ಅನ್ನುವುದು 'ಸುತ್ತಿತ್ತು' ಆಯಿತು. ನಾನು ನೋಡಿದ ಮಟ್ಟಿಗೆ ಪೋಸ್ಟ್‌ನಿಂದ ಪುಸ್ತಕಕ್ಕೆ ಬರುವ ಬರಹದಲ್ಲಿ ಅತಿ ಹೆಚ್ಚು ತಿದ್ದುಪಡಿ ಬೇಕಾಗುವುದು ಇವತ್ತು, ಈಗ, ಇಲ್ಲಿ, ನಿಮಗೆ ಗೊತ್ತಲ್ಲ ಅನ್ನುವ ಮಾತುಗಳಿಗೆ.

ದಿನಚರಿ

ಕರಡು ತಿದ್ದುವವರು ಹೇಳಿದ್ದು ಪ್ರಬಂಧಕ್ಕೆ ಸರಿ. ನಾನು ಡೈರಿ ಕಡೆಯಿಂದ ಹೇಳುತ್ತೇನೆ. ಶಾಲೆಯ ಕಾಲದಿಂದ ಡೈರಿ ಬರೆಯುತ್ತಿದ್ದೇನೆ, ಪೋಸ್ಟ್ ಕೂಡ ಹಾಕುತ್ತೇನೆ. ಎರಡನ್ನೂ ಬರೆಯುವವಳು ಒಬ್ಬಳೇ ಅಂತ ನನಗೇ ನಂಬಲು ಕಷ್ಟ.

ಡೈರಿಯಲ್ಲಿ ನಾನು ಜನರ ಹೆಸರು ಬರೆಯುತ್ತೇನೆ. ಪೋಸ್ಟ್‌ನಲ್ಲಿ ಅದೇ ಜನ 'ಕೆಲವರು' ಆಗಿಬಿಡುತ್ತಾರೆ. "ಕೆಲವರಿಗೆ ಎಷ್ಟು ಮಾಡಿದರೂ ಅಷ್ಟೇ" ಅನ್ನುವಂಥ ಪೋಸ್ಟ್ ನೋಡಿರುತ್ತೀರಿ. ಅದು ಯಾರೋ ಒಬ್ಬರಿಗೆ ಬರೆದ ಪತ್ರ. ವಿಳಾಸ ಹಾಕದೆ ಎಲ್ಲರ ಮನೆಗೂ ಹಾಕಿದ್ದು. ಯಾರಿಗೆ ತಟ್ಟಬೇಕೋ ಅವರು ಓದದೆ ಹೋಗಬಹುದು. ಯಾರಿಗೆ ಸಂಬಂಧವೇ ಇಲ್ಲವೋ ಅವರು "ನನಗೇ ಹೇಳಿದ್ದಾ?" ಅಂತ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಈ ಬಗೆಯ ಬರಹ ಡೈರಿಯಲ್ಲಿ ಹುಟ್ಟುವುದಿಲ್ಲ, ಪತ್ರದಲ್ಲೂ ಇಲ್ಲ.

ಓದುವವರು ಬಂದ ಕೂಡಲೇ ಬರಹ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಆನ್ ಫ್ರಾಂಕ್ ಡೈರಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಎರಡನೇ ಮಹಾಯುದ್ಧದಲ್ಲಿ ನಾಜಿಗಳಿಂದ ಅಡಗಿ ಬದುಕಿದ ಯಹೂದಿ ಹುಡುಗಿ ಅವಳು. 1942ರಲ್ಲಿ ಬರೆಯಲು ಶುರು ಮಾಡಿದ್ದು ತನಗಾಗಿ. 1944ರ ಮಾರ್ಚ್‌ನಲ್ಲಿ ಲಂಡನ್ನಿನಿಂದ ಬಂದ ರೇಡಿಯೋ ಭಾಷಣದಲ್ಲಿ ಡಚ್ ಸರ್ಕಾರದ ಸಚಿವರೊಬ್ಬರು ಯುದ್ಧ ಮುಗಿದ ಮೇಲೆ ಜನರ ಡೈರಿ, ಪತ್ರಗಳನ್ನು ಸಂಗ್ರಹಿಸಬೇಕು ಅಂದರು. ಅದನ್ನು ಕೇಳಿದ ಮೇಲೆ, ಆ ಮೇ ತಿಂಗಳಿನಿಂದ ಅವಳು ತನ್ನದೇ ಡೈರಿಯನ್ನು ಬೇರೆ ಹಾಳೆಗಳಲ್ಲಿ ತಿದ್ದಿ ಬರೆಯತೊಡಗಿದಳು. ಕೆಲವು ಭಾಗ ಬಿಟ್ಟಳು, ಕೆಲವು ಸೇರಿಸಿದಳು, ಜೊತೆಗಿದ್ದವರಿಗೆ ಬೇರೆ ಹೆಸರು ಇಟ್ಟಳು. ಅದೇ ಹುಡುಗಿ, ಅದೇ ದಿನಗಳು. ಓದುಗರು ಇನ್ನೂ ಬಂದಿರಲಿಲ್ಲ. ಬರಬಹುದು ಅಂತ ಅನ್ನಿಸಿದ್ದಷ್ಟೇ.

ಪೋಸ್ಟ್‌ನಲ್ಲಿ ಆ ಎರಡು ಹಂತ ಇಲ್ಲ. ಮೊದಲ ಸಾಲು ಟೈಪ್ ಮಾಡುವಾಗಲೇ ಓದುವವರ ಮುಖ ಕಣ್ಣ ಮುಂದೆ ಇರುತ್ತದೆ. ತಿದ್ದುವ ಮೊದಲೇ ತಿದ್ದಿಯಾಗಿರುತ್ತದೆ.

ಇನ್ನೊಂದು ವಿಷಯ. ಜೇಮ್ಸ್ ಪೆನ್ನೆಬೇಕರ್ ಅನ್ನುವ ಮನಶ್ಶಾಸ್ತ್ರಜ್ಞರು ಸಹಸಂಶೋಧಕರೊಬ್ಬರ ಜೊತೆ 1986ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ 4 ದಿನ ಸತತವಾಗಿ ತಮ್ಮ ಬದುಕಿನ ಆಳವಾದ ನೋವಿನ ಬಗ್ಗೆ ಬರೆದರು. ನಡೆದದ್ದನ್ನೂ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಬಳಿ ಹೋಗಿದ್ದು ಕಡಿಮೆ. ಆ ಹಾಳೆಗಳಲ್ಲಿ ಹೆಸರಿರಲಿಲ್ಲ, ಉತ್ತರ ಬರೆಯುವವರೂ ಇರಲಿಲ್ಲ. ಪೋಸ್ಟ್ ಬರೆದಾಗ ಸಿಗುವ ಹಗುರ ಬೇರೆ. ಅದು ಜನ ಜೊತೆಗಿದ್ದಾರೆ ಅನ್ನುವ ಹಗುರ. ಅದು ಬೇಕು. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲು ಬರುವುದಿಲ್ಲ.

ಮಂದಾನಿಲ

ದಿನಚರಿ ಅವರೇ, 'ಓದುವವರ ಮುಖ' ಅಂದಿರಲ್ಲ, ಯಾರ ಮುಖ ಅನ್ನುವುದೇ ನನಗೆ ಮುಖ್ಯ. ನಾನು ಪಾಠ ಹೇಳುವವಳು. ನನ್ನ ಪಟ್ಟಿಯಲ್ಲಿ ಅತ್ತೆ ಇದ್ದಾರೆ, ಹಳೆಯ ವಿದ್ಯಾರ್ಥಿಗಳಿದ್ದಾರೆ, ಈಗಿನ ಮೇಲಧಿಕಾರಿ ಇದ್ದಾರೆ, ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಗೆಳತಿಯೂ ಇದ್ದಾಳೆ. ಮದುವೆ ಮಂಟಪದಲ್ಲಿ ಇವರೆಲ್ಲ ಕೂತಿರುವಾಗ ಯಾರೋ ಕೈಗೆ ಮೈಕ್ ಕೊಟ್ಟು "ನಿಮ್ಮ ಮನಸ್ಸಿನಲ್ಲಿರುವುದು ಹೇಳಿ" ಅಂದ ಹಾಗೆ. ಏನು ಹೇಳುತ್ತೀರಿ? ಗೆಳತಿಗೆ ಹೇಳುವುದನ್ನು ಅತ್ತೆಗೆ ಹೇಳಲು ಆಗುವುದಿಲ್ಲ. ಕೊನೆಗೆ ಯಾರಿಗೂ ನೋವಾಗದ ಒಂದು ಮಾತು ಹೇಳಿ ಮೈಕ್ ವಾಪಸ್ ಕೊಡುತ್ತೀರಿ.

ಆಲಿಸ್ ಮಾರ್ವಿಕ್, ಡೇನಾ ಬಾಯ್ಡ್ ಅನ್ನುವ ಸಂಶೋಧಕರು 2010ರ ಸುಮಾರಿಗೆ ಟ್ವಿಟರ್ ಬಳಸುವವರ ಬಗ್ಗೆ ಬರೆಯುತ್ತಾ ಇದನ್ನೇ ಸಂದರ್ಭಗಳ ಕುಸಿತ ಅಂತ ವಿವರಿಸಿದರು. ಬೇರೆ ಬೇರೆ ಕೋಣೆಗಳಲ್ಲಿ ಇರಬೇಕಾದ ಜನ ಗೋಡೆ ಬಿದ್ದು ಒಂದೇ ಕಡೆ ಸೇರುವುದು.

ಪತ್ರಿಕೆಗೆ ಬರೆಯುವವರಿಗೂ ಸಾವಿರಾರು ಓದುಗರಿರುತ್ತಾರೆ. ಆದರೆ ಅವರಲ್ಲಿ ಹೆಚ್ಚಿನವರು ಅಪರಿಚಿತರು. ಸಾಹಿತ್ಯದ ವಿದ್ವಾಂಸ ವಾಲ್ಟರ್ ಓಂಗ್ 1975ರಲ್ಲೇ ವಾದಿಸಿದ್ದರು, ಬರೆಯುವವರ ಓದುಗರು ಯಾವತ್ತೂ ಒಂದು ಕಲ್ಪನೆ ಅಂತ. ಲೇಖಕರು ಓದುಗರನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಾರೆ, ಓದುವವರು ಆ ಪಾತ್ರಕ್ಕೆ ಹೊಂದಿಕೊಳ್ಳುತ್ತಾರೆ. ನನಗೆ ಆ ಮಾತು ಸರಿ ಅನ್ನಿಸುತ್ತದೆ. ಕಲ್ಪಿಸಿಕೊಂಡ ಓದುಗರಿಗೆ ಬರೆಯುವುದರಲ್ಲಿ ಒಂದು ಧೈರ್ಯ ಇದೆ. ಅತ್ತೆಯನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಅವರು ನಿಜವಾಗಿಯೂ ಇದ್ದಾರೆ, ಸಂಜೆ ಫೋನ್ ಮಾಡಿ ಕೇಳುತ್ತಾರೆ.

ಅದಕ್ಕೇ ಇರಬೇಕು, ನನ್ನ ವಿದ್ಯಾರ್ಥಿಗಳು ನಿಜವಾದ ಮಾತನ್ನು ಪೋಸ್ಟ್ ಮಾಡುವುದೇ ಇಲ್ಲ. ಆಪ್ತರ ಪಟ್ಟಿಗೆ ಮಾತ್ರ ಕಾಣುವ ಸ್ಟೋರಿ ಹಾಕುತ್ತಾರೆ, 24 ಗಂಟೆಗೆ ಅಳಿಸಿಹೋಗುತ್ತದೆ. ಬಿದ್ದ ಗೋಡೆಯನ್ನು ಅವರೇ ಮತ್ತೆ ಎಬ್ಬಿಸಿಕೊಳ್ಳುತ್ತಿದ್ದಾರೆ. ಜಾಣ ಮಕ್ಕಳು.

ಓದುಗುಬ್ಬಿ

ಉದ್ದದ ವಿಷಯ ಬಿಟ್ಟೆ, ಒಪ್ಪಿಕೊಂಡೆ. ಆದರೆ ಇದೆಲ್ಲ ಕೇಳಿದರೆ ಪೋಸ್ಟ್ ಅಂದರೆ ಒಂದು ಮೆಟ್ಟಿಲು ಕೆಳಗಿನ ಬರಹ ಅಂತ ಎಲ್ಲರೂ ಹೇಳುತ್ತಿರುವ ಹಾಗಿದೆ. ಭಯದಲ್ಲಿ ಬರೆದದ್ದು, ಅರ್ಧ ಬರೆದದ್ದು. ನನಗೆ ಹಾಗನ್ನಿಸುವುದಿಲ್ಲ.

ಬಿಳಿಹಾಳೆ

ನನಗೂ ಅನ್ನಿಸುವುದಿಲ್ಲ. ಅಳೆಯುವ ಕೋಲೇ ತಪ್ಪಾಗಿದೆ. ಪೋಸ್ಟ್‌ಗಳನ್ನು ನಾವು ಬರಹದ ಪಕ್ಕ ಇಟ್ಟು ನೋಡುತ್ತಿದ್ದೇವೆ. ಅವನ್ನು ಮಾತಿನ ಪಕ್ಕ ಇಟ್ಟು ನೋಡಿ.

ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲಿ ಒಂದು ಬಗೆಯ ಮಾತನ್ನು ಗುರುತಿಸಿದರು. ಸುದ್ದಿ ತಿಳಿಸಲು ಆಡಿದ್ದಲ್ಲ, ನಂಟು ಉಳಿಸಿಕೊಳ್ಳಲು ಆಡಿದ್ದು. 'ಊಟ ಆಯ್ತಾ', 'ಏನು ಸಮಾಚಾರ' ಇವೆಲ್ಲ ಅದೇ. ಕೇಳುವವರಿಗೆ ಊಟದ ವಿವರ ಬೇಕಾಗಿಲ್ಲ. ನಾನಿದ್ದೇನೆ, ನೀನಿದ್ದೀಯಾ ಅಂತ ಕೇಳುತ್ತಿದ್ದಾರೆ ಅಷ್ಟೇ. 'ಮಳೆ ಶುರುವಾಯಿತು' ಅಂತ ಒಂದು ಸಾಲಿನ ಪೋಸ್ಟ್ ಹಾಕುವವರೂ ಅದನ್ನೇ ಮಾಡುತ್ತಿದ್ದಾರೆ. ಲೇಖನ ಅಂತ ನೋಡಿದರೆ ಅದರಲ್ಲಿ ಏನೂ ಇಲ್ಲ. ಮಾತು ಅಂತ ನೋಡಿದರೆ ಪೂರ್ತಿ ಇದೆ.

ಪೋಸ್ಟ್ ಬರೆಯುವ ಆ ಪೆಟ್ಟಿಗೆಯನ್ನೇ ನೋಡಿ. ಡೈರಿಯ ಖಾಲಿ ಹಾಳೆ ಏನನ್ನೂ ಕೇಳುವುದಿಲ್ಲ. ಇಲ್ಲಿ ಬರೆಯುವ ಜಾಗವೇ ನಮ್ಮನ್ನು ಕೇಳುತ್ತದೆ. ಟ್ವಿಟರ್ ಮೊದಲು ಕೇಳುತ್ತಿದ್ದದ್ದು 'ಏನು ಮಾಡುತ್ತಿದ್ದೀರಿ?' ಅಂತ. 2009ರ ನವೆಂಬರ್‌ನಲ್ಲಿ ಅದು 'ಏನು ನಡೆಯುತ್ತಿದೆ?' ಆಯಿತು. ಮೊದಲನೆಯದಕ್ಕೆ ಉತ್ತರ 'ಬಸ್ಸಿಗೆ ಕಾಯುತ್ತಿದ್ದೇನೆ'. ಎರಡನೆಯದಕ್ಕೆ ಉತ್ತರ ಸುದ್ದಿ, ಅಭಿಪ್ರಾಯ, ಜಗಳ. ಫೇಸ್‌ಬುಕ್‌ನಲ್ಲಿ ಶುರುವಿಗೆ ಇಂಗ್ಲಿಷ್‌ನಲ್ಲಿ ಸ್ಟೇಟಸ್ ಬರೆದರೆ ನಿಮ್ಮ ಹೆಸರಿನ ಮುಂದೆ 'ಈಸ್' ಅಂತ ಅದೇ ಹಾಕಿಬಿಡುತ್ತಿತ್ತು. ಜನ ತಮ್ಮ ಬಗ್ಗೆ ತಾವೇ 'ಅವಳು ಸುಸ್ತಾಗಿದ್ದಾಳೆ' ಅನ್ನುವ ಧಾಟಿಯಲ್ಲಿ ಬರೆಯುತ್ತಿದ್ದರು. 2007ರ ಕೊನೆಗೆ ಅದನ್ನು ತೆಗೆದರು. 2009ರಲ್ಲಿ ಮನಸ್ಸಿನಲ್ಲಿ ಏನಿದೆ ಅಂತ ಕೇಳಲು ಶುರು ಮಾಡಿದರು. ಜನ 'ನಾನು' ಅಂತ ಬರೆಯತೊಡಗಿದರು.

ಪ್ರಶ್ನೆ ಬದಲಾದರೆ ಬರಹ ಬದಲಾಗುತ್ತದೆ. ಹಾಗಾಗಿ ಪೋಸ್ಟ್ ಅಂದರೆ ಉತ್ತರ. ಬರೀ ಉತ್ತರವನ್ನು ಕಿತ್ತು ಪುಸ್ತಕದಲ್ಲಿಟ್ಟರೆ ಸೊರಗದೆ ಏನಾಗುತ್ತದೆ?

ಕರಡು ತಿದ್ದುವವ

ಬಿಳಿಹಾಳೆ ಅವರ ಮಾತು ಇಷ್ಟವಾಯಿತು. ಒಂದೇ ಒಂದು ತಕರಾರು. ಮಾತಾಡಿದಾಗ ಯಾರೂ ಅಂಕ ಕೊಡುವುದಿಲ್ಲ. ಫೇಸ್‌ಬುಕ್‌ನಲ್ಲಿ 2009ರ ಫೆಬ್ರವರಿಯಿಂದ ಲೈಕ್ ಬಟನ್ ಇದೆ. ಯಾವ ಸಾಲಿಗೆ ಎಷ್ಟು ಜನ ತಲೆಯಾಡಿಸಿದರು ಅಂತ ಬರೆದವರಿಗೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಪುಸ್ತಕ ಬರೆದವರು ಅದಕ್ಕೆ ವರ್ಷಗಟ್ಟಲೆ ಕಾಯುತ್ತಿದ್ದರು. ಕಾಯುವಾಗ ಮುಂದಿನ ಪುಸ್ತಕ ತನ್ನ ದಾರಿ ಹಿಡಿದಿರುತ್ತಿತ್ತು. ಈಗ ಹೋದ ಸಲ ಗೆದ್ದ ವರಸೆ ಈ ಸಲವೂ ಕೈಗೆ ತಾನಾಗಿ ಬರುತ್ತದೆ. ಪೋಸ್ಟ್‌ಗಳನ್ನು ಸಾಲಾಗಿ ಓದಿದರೆ ಇದು ಎದ್ದು ಕಾಣುತ್ತದೆ. ಎಲ್ಲವೂ ಕೊನೆಯ ಸಾಲಿನಲ್ಲಿ ಒಂದು ಏಟು ಕೊಟ್ಟು ಮುಗಿಯುತ್ತವೆ. ಒಂದೊಂದಾಗಿ ಓದಿದರೆ ಚೆಂದ. ಹತ್ತು ಸಾಲಾಗಿ ಓದಿದರೆ ಹನ್ನೊಂದನೆಯದರ ಕೊನೆ ಮೊದಲೇ ತಿಳಿಯುತ್ತದೆ. ಪುಸ್ತಕ ಮಾಡುವಾಗ ಎಷ್ಟೋ ಕಡೆ ನಾನು ಕೊನೆಯ ಸಾಲನ್ನೇ ಹೊಡೆದುಹಾಕುತ್ತೇನೆ. ಬರೆದವರು ಮೊದಲು ನೊಂದುಕೊಳ್ಳುತ್ತಾರೆ, ಆಮೇಲೆ ಒಪ್ಪುತ್ತಾರೆ.

ದಿನಚರಿ

ಇನ್ನೊಂದು, ಹೇಳಲೇಬೇಕು. ಡೈರಿ ನಾನು ತೆಗೆದಾಗ ಮಾತ್ರ ತೆರೆಯುತ್ತದೆ. ಪೋಸ್ಟ್ ತಾನಾಗಿ ಎದ್ದು ಬರುತ್ತದೆ. 2015ರಿಂದ ಫೇಸ್‌ಬುಕ್ ಹಿಂದಿನ ವರ್ಷಗಳಲ್ಲಿ ಇದೇ ದಿನ ಹಾಕಿದ್ದನ್ನು ಎತ್ತಿ ತೋರಿಸುತ್ತಿದೆ. ತಯಾರಿಲ್ಲದ ಬೆಳಿಗ್ಗೆ ಅದು ಎದುರಾದರೆ ಆ ದಿನವೇ ಬೇರೆಯಾಗುತ್ತದೆ.

ನೀಲಿಶಾಯಿ

ಎಲ್ಲರ ಮಾತನ್ನೂ ನಿಧಾನವಾಗಿ ಓದಿದೆ. 'ಇವತ್ತು' ತೆಗೆದದ್ದು ನೋಡಿ ಫೈಲ್ ಪೂರ್ತಿ ಹುಡುಕಿದೆ, ಪುಟ ಪುಟದಲ್ಲೂ ಇದೆ.

ಮೊದಲು ಹೇಳದ ಒಂದು ಸಂಗತಿ ಇದೆ. ಆ ಪೋಸ್ಟ್‌ನ ಕಾಮೆಂಟ್‌ಗಳಲ್ಲಿ ಅಪ್ಪನ ಜೊತೆ ಕೆಲಸ ಮಾಡಿದವರೊಬ್ಬರು ಬರೆದಿದ್ದರು: "ಆ ದಾರ ಸುತ್ತಿಕೊಟ್ಟಿದ್ದು ನಾನೇ ಕಣಮ್ಮ. ಹೊಸದು ಮಾಡಿಸಿ ಅಂದರೆ ಕೇಳಲಿಲ್ಲ, ಇದರಲ್ಲೇ ಚೆನ್ನಾಗಿ ಕಾಣುತ್ತೆ ಅಂದರು."

ನನಗೆ ಅದು ಗೊತ್ತೇ ಇರಲಿಲ್ಲ. ನಾನು ಬರೆದ ನಾಲ್ಕು ಸಾಲಿಗಿಂತ ಆ ಎರಡು ಸಾಲಿನಲ್ಲಿ ಅಪ್ಪ ಜಾಸ್ತಿ ಇದ್ದಾರೆ. ನಾನು 'ಏನೂ ಕಾಣಲಿಲ್ಲ' ಅಂದೆ. ಅಪ್ಪ 'ಚೆನ್ನಾಗಿ ಕಾಣುತ್ತೆ' ಅಂದಿದ್ದರು. ಇದನ್ನು ನಾನು ಕೂತು ಬರೆದರೂ ಹೊಂದಿಸಲು ಆಗುತ್ತಿರಲಿಲ್ಲ.

ಹಾಗಾಗಿ ನನಗೆ ಈಗ ಅನ್ನಿಸುವುದು ಇಷ್ಟು. ಪೋಸ್ಟ್‌ನ ಓದುಗರು ಮೊದಲೇ ಅಲ್ಲಿರುತ್ತಾರೆ ಅನ್ನುವುದು ಅರ್ಧ ಮಾತು. ಅವರು ಬರೆಯಲೂ ಬರುತ್ತಾರೆ. ಪತ್ರಕ್ಕೂ ಉತ್ತರ ಬರುತ್ತದೆ, ಆದರೆ ಬೇರೆ ಹಾಳೆಯಲ್ಲಿ, ಬೇರೆ ದಿನ. ಇಲ್ಲಿ ಅದೇ ಹಾಳೆಯ ಕೆಳಗೆ ಬಂತು, ಅದೇ ರಾತ್ರಿ. ಹಾಗಿದ್ದರೆ ಆ ಬರಹ ಪೂರ್ತಿ ನನ್ನದಾ? ನನ್ನ ಹೆಸರಿನ ಪುಸ್ತಕಕ್ಕೆ ಅವರ ಸಾಲನ್ನು ಹೇಗೆ ತರಲಿ? ಬಿಟ್ಟರೆ ಮೋಸ ಮಾಡಿದ ಹಾಗಾಗುತ್ತದೆ.

ಮಂದಾನಿಲ

ಓದಿ ಗಂಟಲು ಕಟ್ಟಿತು. ದಯವಿಟ್ಟು ಆ ಸಾಲು ಬಿಡಬೇಡಿ.

ಕರಡು ತಿದ್ದುವವ

ಬಿಡಬೇಡಿ. ಆದರೆ ಕಾಮೆಂಟ್ ಅಂತ ಕೆಳಗೆ ಅಂಟಿಸಲೂ ಬೇಡಿ. ಪುಸ್ತಕದಲ್ಲಿ ಅದು ಸುಮ್ನೆ ದಾಖಲೆಯ ಹಾಗೆ ಕಾಣುತ್ತದೆ. ಆ ಪೋಸ್ಟ್ ಅನ್ನು ಪ್ರಬಂಧ ಮಾಡಿ. ಕನ್ನಡಕ ಸಿಕ್ಕಿದ್ದು, ನಾಲ್ಕು ಸಾಲು ಬರೆದದ್ದು, ರಾತ್ರಿ ಅವರ ಮಾತು ಬಂದದ್ದು, ಎಲ್ಲ ಕತೆಯ ಒಳಗೇ ಬರಲಿ. ಅವರ ಮಾತು ಅವರದೇ ಅಂತ ಸ್ಪಷ್ಟವಾಗಿರಲಿ. ಮುಖ್ಯವಾಗಿ ಮೊದಲು ಅವರನ್ನು ಕೇಳಿ. ಅವರು ಬರೆದದ್ದು ಅವರದು, ನಿಮ್ಮ ಗೋಡೆಯ ಮೇಲಿದ್ದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ. ನಿಮ್ಮ ಪಟ್ಟಿಯವರಿಗಾಗಿ ಬರೆದದ್ದನ್ನು ಅಪರಿಚಿತರು ಓದುವುದು ಅವರಿಗೆ ಇಷ್ಟವಿಲ್ಲದಿರಬಹುದು.

ಅಂಚಿನ ಟಿಪ್ಪಣಿ

ಕೆಲಸದ ಮಾತು ಒಂದೆರಡು. ಫೇಸ್‌ಬುಕ್‌ನಿಂದ ನಿಮ್ಮ ಮಾಹಿತಿ ಡೌನ್‌ಲೋಡ್ ಮಾಡುವಾಗ ಎಚ್‌ಟಿಎಂಎಲ್ (ವೆಬ್‌ಪುಟದ) ರೂಪ ಆರಿಸಿ. ಜೇಸನ್ (ಪ್ರೋಗ್ರಾಂಗಳು ಓದಲು ಇರುವ) ರೂಪದಲ್ಲಿ ತೆಗೆದರೆ ಕನ್ನಡ ಅಕ್ಷರಗಳೆಲ್ಲ ಚಿಂದಿಯಾಗಿ ಕಾಣುತ್ತವೆ, ಸರಿಪಡಿಸಲು ಪ್ರೋಗ್ರಾಂ ಬರೆಯಬೇಕು. ಡೌನ್‌ಲೋಡ್ ಆದದ್ದರಲ್ಲಿ ಬೇರೆಯವರ ಕಾಮೆಂಟ್ ಇರುತ್ತದೆ ಅಂತ ನೆಚ್ಚಬೇಡಿ. ಮುಖ್ಯವಾದ ಪೋಸ್ಟ್‌ಗಳನ್ನು ಒಂದೊಂದಾಗಿ ತೆರೆದು ಕಾಮೆಂಟ್‌ಗಳನ್ನು ಕೈಯಿಂದಲೇ ನಕಲು ಮಾಡಿಕೊಳ್ಳಿ. ಇದನ್ನು ಮುಂದೂಡಬೇಡಿ. ಕಾಮೆಂಟ್ ಹಾಕಿದವರು ತಮ್ಮ ಖಾತೆ ಅಳಿಸಿದರೆ ಅವರ ಸಾಲುಗಳೂ ಹೋಗುತ್ತವೆ.

ನೀಲಿಶಾಯಿ

ಇದು ಗೊತ್ತಿರಲಿಲ್ಲ, ಧನ್ಯವಾದ. ಕಾಮೆಂಟ್ ನಕಲು ಮಾಡುವ ಕೆಲಸ ಇವತ್ತೇ ಶುರು ಮಾಡುತ್ತೇನೆ. ಕರಡು ತಿದ್ದುವವರೇ, ಬಣ್ಣದ ಹಿನ್ನೆಲೆಯಲ್ಲಿ ಹಾಕಿದ ಒಂದೆರಡು ಸಾಲಿನವು ಒಂದಷ್ಟಿವೆ. ಅವನ್ನೇನು ಮಾಡಲಿ?

ಕರಡು ತಿದ್ದುವವ

ಅವನ್ನು ಪುಸ್ತಕಕ್ಕೆ ತರಬೇಡಿ. ಬಿಳಿಹಾಳೆ ಹೇಳಿದ ಹಾಗೆ ಅವು ಮಾತು, ಆಡಿದಲ್ಲೇ ಅವುಗಳ ಕೆಲಸ ಮುಗಿದಿದೆ. ನಿಮ್ಮ ಪೋಸ್ಟ್‌ಗಿಂತ ಕೆಳಗಿನ ಮಾತುಕತೆ ಉದ್ದವಾಗಿ ಬೆಳೆದಂಥವನ್ನು ಬೇರೆ ಫೈಲಿಗೆ ತೆಗೆದಿಡಿ. ಮೊದಲು ಅವನ್ನೇ ನೋಡೋಣ.